ಯಾವ ವ್ಯತ್ಯಾಸ ಬಿಡಬಹುದು? ಸಮಾನತಾ ವರ್ಗ ಕಟ್ಟಿ ಬಳಸುವುದಕ್ಕೆ ಸಮಗ್ರ ಮಾರ್ಗದರ್ಶಿ

ಸೆಕೆಂಡ್ ಪಿಯುಸಿ ಗಣಿತದ ಮೊದಲ ಅಧ್ಯಾಯದಲ್ಲೇ ಈಕ್ವಿವಲೆನ್ಸ್ ರಿಲೇಶನ್ (ಸಮಾನತಾ ಸಂಬಂಧ) ಬರುತ್ತದೆ. ರಿಫ್ಲೆಕ್ಸಿವ್, ಸಿಮೆಟ್ರಿಕ್, ಟ್ರಾನ್ಸಿಟಿವ್ ಅಂತ ಮೂರು ಸಾಲು ಬರೆದು, ಮಾರ್ಕ್ಸ್ ತಗೊಂಡು ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತೇವೆ. ಇದರಿಂದ ಏನು ಕಟ್ಟಬಹುದು ಅನ್ನೋದು ಅಲ್ಲಿ ಕಾಣುವುದೇ ಇಲ್ಲ. ಆದರೆ ಭಿನ್ನರಾಶಿ, ವಾರದ ದಿನ, ಸಂಗೀತದ ಸ್ವರ, ಮೊಬೈಲಿನಲ್ಲಿ ನೀವು ಹುಡುಕುವ ಕನ್ನಡ ಪದ, ಎಲ್ಲದರ ಒಳಗೂ ಇರುವುದು ಇದೇ ಕೆಲಸ: ಯಾವ ವ್ಯತ್ಯಾಸವನ್ನು ಲೆಕ್ಕಕ್ಕೆ ತಗೋಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನಿಸುವುದು.

ನನ್ನ ಪ್ರಕಾರ ಆ ಮೂರು ಪರೀಕ್ಷೆಗಳು ಬರೀ ಆರಂಭ. ನಿಜವಾದ ಪರೀಕ್ಷೆ ಕೆಳಗಿನ ಆರನೇ ಹಂತದಲ್ಲಿದೆ. ಬಿಟ್ಟ ವ್ಯತ್ಯಾಸ ಮುಂದಿನ ಲೆಕ್ಕದೊಳಗೆ ಕಳ್ಳದಾರಿಯಲ್ಲಿ ವಾಪಸ್ ಬರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳುವ ಹಂತ ಅದು. ಹೆಚ್ಚಿನವರು ಬಿಟ್ಟುಬಿಡುವುದೂ ಅದನ್ನೇ.

ಹಂತ 1: ಸೆಟ್ ಯಾವುದು ಅಂತ ಗೊತ್ತು ಮಾಡಿ

ಯಾವ ವಸ್ತುಗಳ ಬಗ್ಗೆ ಮಾತಾಡುತ್ತಿದ್ದೀರಿ? ಎಲ್ಲ ಪೂರ್ಣಾಂಕಗಳೇ? ನಮ್ಮ ಮೆಟ್ರೋದ ನಿಲ್ದಾಣಗಳೇ? ಒಂದು ಫಾರಂನಲ್ಲಿ ಜನ ಟೈಪ್ ಮಾಡಬಹುದಾದ ಎಲ್ಲ ಬರಹಗಳೇ? ಇದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ. ಸೊನ್ನೆ ಸೇರಿದೆಯೋ ಇಲ್ಲವೋ ಅನ್ನುವಂಥ ಸಣ್ಣ ವಿಷಯವೇ ಮುಂದೆ ಕೈ ಕೊಡುತ್ತದೆ.

ಹಂತ 2: ಸಂಬಂಧವನ್ನು ವಾಕ್ಯವಾಗಿ ಬರೆಯಿರಿ

ಎ ಮತ್ತು ಬಿ ಸೆಟ್‌ನ ಎರಡು ಸದಸ್ಯರು ಅಂದುಕೊಳ್ಳಿ. ಅವುಗಳಿಗೆ ಸಂಬಂಧ ಇದ್ದರೆ 'ಎ ~ ಬಿ' ಅಂತ ಬರೆಯೋಣ. ಯಾವಾಗ ಸಂಬಂಧ ಇದೆ ಅಂತ ಪೂರ್ತಿ ವಾಕ್ಯದಲ್ಲಿ ಹೇಳಿ. 'ಎ ಮತ್ತು ಬಿಯನ್ನು 7ರಿಂದ ಭಾಗಿಸಿದರೆ ಒಂದೇ ಶೇಷ ಬರುತ್ತದೆ' ಅನ್ನುವುದು ಒಳ್ಳೆಯ ವಾಕ್ಯ. 'ಎ ಮತ್ತು ಬಿ ಹೆಚ್ಚುಕಡಿಮೆ ಸಮ' ಅನ್ನುವುದು ಅಪಾಯದ ವಾಕ್ಯ.

ಇಲ್ಲೊಂದು ಸುಲಭದ ದಾರಿ ಇದೆ. ನಿಮ್ಮ ವಾಕ್ಯವನ್ನು 'ಎಗೂ ಬಿಗೂ ಇಂಥದ್ದು ಒಂದೇ' ಅನ್ನುವ ರೂಪಕ್ಕೆ ತರಲು ಆದರೆ (ಶೇಷ ಒಂದೇ, ಪಿನ್‌ಕೋಡ್ ಒಂದೇ, ರಕ್ತದ ಗುಂಪು ಒಂದೇ) ಮೂರೂ ಪರೀಕ್ಷೆ ತಾನಾಗಿಯೇ ಪಾಸಾಗುತ್ತವೆ. ಆ ಮೂರೂ ಗುಣ 'ಸಮ' ಚಿಹ್ನೆಗೇ ಇವೆ, ಅದರಿಂದ ನಿಮ್ಮ ಸಂಬಂಧಕ್ಕೂ ಬರುತ್ತವೆ. ಹಾಗೆ ಬರೆಯಲು ಆಗದಿದ್ದಾಗ ಮುಂದಿನ ಹಂತವನ್ನು ಹುಷಾರಾಗಿ ಮಾಡಿ.

ಹಂತ 3: ಮೂರು ಪರೀಕ್ಷೆ

ರಿಫ್ಲೆಕ್ಸಿವ್: ಪ್ರತಿ ಸದಸ್ಯನಿಗೂ ತನ್ನ ಜೊತೆಗೇ ಸಂಬಂಧ ಇರಬೇಕು. ಸಿಮೆಟ್ರಿಕ್: ಎ ~ ಬಿ ಆದರೆ ಬಿ ~ ಎ ಕೂಡ ಆಗಬೇಕು. ಟ್ರಾನ್ಸಿಟಿವ್: ಎ ~ ಬಿ, ಬಿ ~ ಸಿ ಆದರೆ ಎ ~ ಸಿ ಆಗಬೇಕು.

ಪಾಸಾಗುವ ಉದಾಹರಣೆಗಿಂತ ಫೇಲಾಗುವ ಉದಾಹರಣೆಯಿಂದ ಜಾಸ್ತಿ ಕಲಿಯಬಹುದು. 'ಎ ಗುಣಿಸು ಬಿ ಸೊನ್ನೆಗಿಂತ ಹೆಚ್ಚು' ಅನ್ನುವ ಸಂಬಂಧವನ್ನು ಪೂರ್ಣಾಂಕಗಳ ಮೇಲೆ ನೋಡಿ. ಸಿಮೆಟ್ರಿಕ್ ಹೌದು, ಟ್ರಾನ್ಸಿಟಿವ್ ಕೂಡ ಹೌದು. ಆದರೆ 0 ಗುಣಿಸು 0 ಅಂದರೆ 0. ಹಾಗಾಗಿ ಸೊನ್ನೆಗೆ ತನ್ನ ಜೊತೆಗೇ ಸಂಬಂಧ ಇಲ್ಲ. ಮೊದಲ ಪರೀಕ್ಷೆಯಲ್ಲೇ ಫೇಲ್. ಸೆಟ್‌ನಿಂದ ಸೊನ್ನೆಯನ್ನು ತೆಗೆದರೆ ಅದೇ ಸಂಬಂಧ ಪಾಸಾಗಿ ಧನ, ಋಣ ಅಂತ ಎರಡು ವರ್ಗ ಕೊಡುತ್ತದೆ. ಮೊದಲ ಹಂತದಲ್ಲಿ ಸೆಟ್ ಬರೆದಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಸಿಮೆಟ್ರಿಗೆ ರಕ್ತದಾನ ನೋಡಿ. 'ಇಬ್ಬರ ರಕ್ತದ ಗುಂಪು ಒಂದೇ' ಅನ್ನುವುದು ಸಮಾನತಾ ಸಂಬಂಧ. 'ಇವರ ರಕ್ತಕಣ ಅವರಿಗೆ ಕೊಡಬಹುದು' ಅನ್ನುವುದು ಅಲ್ಲ. ಓ ನೆಗೆಟಿವ್‌ನವರು ಎಬಿ ಪಾಸಿಟಿವ್‌ನವರಿಗೆ ಕೊಡಬಹುದು, ತಿರುಗಿಸಿ ಕೊಡುವ ಹಾಗಿಲ್ಲ.

ಟ್ರಾನ್ಸಿಟಿವ್ ಪರೀಕ್ಷೆಗೆ ಮೆಟ್ರೋ ನಕ್ಷೆ ಸಾಕು. 'ಎರಡು ನಿಲ್ದಾಣ ಒಂದೇ ಬಣ್ಣದ ಮಾರ್ಗದಲ್ಲಿವೆ' ಅನ್ನುವ ಸಂಬಂಧ ತಗೊಳ್ಳಿ. ಎಂ.ಜಿ. ರೋಡ್ ಮತ್ತು ಮೆಜೆಸ್ಟಿಕ್ ಎರಡೂ ನೇರಳೆ ಮಾರ್ಗದಲ್ಲಿವೆ. ಮೆಜೆಸ್ಟಿಕ್ ಮತ್ತು ಜಯನಗರ ಎರಡೂ ಹಸಿರು ಮಾರ್ಗದಲ್ಲಿವೆ. ಆದರೆ ಎಂ.ಜಿ. ರೋಡ್‌ಗೂ ಜಯನಗರಕ್ಕೂ ಒಂದೇ ಮಾರ್ಗ ಇಲ್ಲ. ಮೆಜೆಸ್ಟಿಕ್ ಎರಡು ಕಡೆಗೂ ಸೇರಿರುವುದರಿಂದ ಸರಪಳಿ ಅಲ್ಲೇ ಮುರಿಯುತ್ತದೆ. ಗಮನಿಸಿ, 'ಎರಡಕ್ಕೂ ಮಾರ್ಗ ಒಂದೇ' ಅನ್ನುವ ಸುಲಭದ ದಾರಿ ಇಲ್ಲಿ ನಡೆಯುವುದಿಲ್ಲ, ಯಾಕೆಂದರೆ ಮೆಜೆಸ್ಟಿಕ್‌ಗೆ 'ಅದರ ಮಾರ್ಗ' ಅಂತ ಒಂದೇ ಒಂದು ಉತ್ತರ ಇಲ್ಲ. ಸಂಬಂಧವನ್ನು 'ರೈಲು ಬದಲಾಯಿಸಿಯಾದರೂ ಮೆಟ್ರೋದಲ್ಲೇ ಹೋಗಬಹುದು' ಅಂತ ತಿದ್ದಿ. ಈಗ ಮೂರೂ ಪರೀಕ್ಷೆ ಪಾಸ್.

ಹಂತ 4: ವರ್ಗಗಳನ್ನು ಬಿಡಿಸಿ ಬರೆಯಿರಿ

ಎ ಜೊತೆ ಸಂಬಂಧ ಇರುವ ಎಲ್ಲರನ್ನೂ ಒಟ್ಟಿಗೆ ತಂದರೆ ಅದು ಎಯ ಸಮಾನತಾ ವರ್ಗ. [ಎ] ಅಂತ ಬರೆಯುತ್ತಾರೆ. ಎರಡು ವರ್ಗಗಳು ಒಂದೋ ಪೂರ್ತಿ ಒಂದೇ, ಇಲ್ಲವೇ ಪೂರ್ತಿ ಬೇರೆ. ಅರ್ಧಂಬರ್ಧ ಸೇರುವುದಿಲ್ಲ. ಕಾರಣ ಸರಳ: [ಎ] ಮತ್ತು [ಬಿ] ಎರಡರಲ್ಲೂ ಸಿ ಇದ್ದರೆ ಎ ~ ಸಿ, ಸಿ ~ ಬಿ. ಹಾಗಾಗಿ ಎ ~ ಬಿ. ಆಗ ಎಯ ಬಳಗದವರೆಲ್ಲ ಬಿಯ ಬಳಗದವರೇ. ಸಿಮೆಟ್ರಿಕ್, ಟ್ರಾನ್ಸಿಟಿವ್ ಎರಡರಲ್ಲಿ ಒಂದು ಇಲ್ಲದಿದ್ದರೂ ಈ ಮಾತು ನಿಲ್ಲುವುದಿಲ್ಲ. ರಿಫ್ಲೆಕ್ಸಿವ್ ಇಲ್ಲದಿದ್ದರೆ ಕೆಲವರು ಯಾವ ವರ್ಗಕ್ಕೂ ಸೇರದೆ ಉಳಿಯಬಹುದು.

ವಾರದ ದಿನಗಳಲ್ಲಿ ಇದನ್ನು ಕೈಯಾರೆ ನೋಡೋಣ. ದಿನಗಳನ್ನು ಸಾಲಾಗಿ ಎಣಿಸಿ, 7ರಿಂದ ಭಾಗಿಸಿದಾಗ ಶೇಷ ಒಂದೇ ಇರುವವನ್ನು ಒಂದು ವರ್ಗಕ್ಕೆ ಹಾಕಿ. ಏಳು ವರ್ಗ ಬರುತ್ತವೆ: ಭಾನುವಾರ, ಸೋಮವಾರ, ಹೀಗೆ. ಶೇಷಗಳ ಈ ಲೆಕ್ಕಕ್ಕೆ ಈಗಿನ ಚಿಹ್ನೆ ಕೊಟ್ಟವರು ಜರ್ಮನ್ ಗಣಿತಜ್ಞ ಗೌಸ್, 1801ರಲ್ಲಿ.

ಏಕೀಕರಣವಾದ 1956ರ ನವೆಂಬರ್ 1 ಗುರುವಾರ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದ 1973ರ ನವೆಂಬರ್ 1 ಯಾವ ವಾರ? ಆರು ಸಾವಿರಕ್ಕೂ ಹೆಚ್ಚು ದಿನ ಎಣಿಸಬೇಕಾಗಿಲ್ಲ. 365ನ್ನು 7ರಿಂದ ಭಾಗಿಸಿದರೆ ಶೇಷ 1. ಅಂದರೆ ವರ್ಷಕ್ಕೆ ಒಂದು ದಿನ ಮುಂದಕ್ಕೆ. 17 ವರ್ಷಕ್ಕೆ 17 ದಿನ. ನಡುವೆ ಬಂದ ಅಧಿಕ ವರ್ಷ 1960, 1964, 1968, 1972. ಅವಕ್ಕೆ ಇನ್ನೂ 4. (1956ರ ಫೆಬ್ರವರಿ 29 ಆಗಲೇ ಕಳೆದಿತ್ತು, ಅದು ಲೆಕ್ಕಕ್ಕಿಲ್ಲ.) ಒಟ್ಟು 21. ಅದನ್ನು 7ರಿಂದ ಭಾಗಿಸಿದರೆ ಶೇಷ 0. ಹಾಗಾಗಿ ಅದೂ ಗುರುವಾರವೇ!

ಹಂತ 5: ಪ್ರತಿ ವರ್ಗಕ್ಕೊಬ್ಬ ಪ್ರತಿನಿಧಿ

ವರ್ಗದ ಎಲ್ಲರನ್ನೂ ಬರೆಯುತ್ತಾ ಕೂರಲು ಆಗುವುದಿಲ್ಲ. ಒಬ್ಬರನ್ನು ಆರಿಸಿ. ಭಿನ್ನರಾಶಿಯಲ್ಲಿ 1/2, 2/4, 50/100 ಎಲ್ಲ ಒಂದೇ ವರ್ಗ. ಸಂಕ್ಷೇಪಿಸಿದ 1/2 ಪ್ರತಿನಿಧಿ. ಭಿನ್ನರಾಶಿ ಅಂದರೆ ಪೂರ್ಣಾಂಕಗಳ ಜೋಡಿಗಳ ಮೇಲಿನ ಒಂದು ಸಂಬಂಧ ಕೊಡುವ ವರ್ಗ, ಅಷ್ಟೇ: ಕೆಳಗಿನ ಸಂಖ್ಯೆ ಸೊನ್ನೆ ಆಗಿರಬಾರದು, ಅಡ್ಡ ಗುಣಿಸಿದರೆ ಎರಡೂ ಕಡೆ ಒಂದೇ ಬರಬೇಕು. ಯಾರು ಬೇಕಾದರೂ ಪ್ರತಿನಿಧಿ ಆಗಬಹುದು. ಆದರೆ ಯಾವ ಸದಸ್ಯನಿಂದ ಶುರು ಮಾಡಿದರೂ ಅದೇ ಪ್ರತಿನಿಧಿಗೆ ತಲುಪುವ ನಿಯಮ ಇರಬೇಕು.

ಹಂತ 6: ಉತ್ತರ ಪ್ರತಿನಿಧಿಯ ಮೇಲೆ ನಿಂತಿಲ್ಲ ತಾನೇ?

ಈಗ ಮುಖ್ಯ ವಿಷಯಕ್ಕೆ ಬಂದೆವು. ವರ್ಗಗಳ ಮೇಲೆ ಏನಾದರೂ ಲೆಕ್ಕ ಮಾಡುವಾಗ ನಾವು ಪ್ರತಿನಿಧಿಯನ್ನು ಹಿಡಿದೇ ಮಾಡುತ್ತೇವೆ. ಬೇರೆ ಪ್ರತಿನಿಧಿಯನ್ನು ಹಿಡಿದಿದ್ದರೂ ಅದೇ ಉತ್ತರ ಬರುತ್ತಿತ್ತೇ? ಬರುತ್ತಿತ್ತು ಅಂದರೆ ಆ ಲೆಕ್ಕ ವೆಲ್ ಡಿಫೈನ್ಡ್. ಇಲ್ಲದಿದ್ದರೆ ಅದು ಲೆಕ್ಕವೇ ಅಲ್ಲ.

ಮಕ್ಕಳು ಭಿನ್ನರಾಶಿ ಕೂಡುವಾಗ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಬಿಡುತ್ತಾರೆ. 1/2 ಮತ್ತು 1/3 ಸೇರಿ 2/5. 'ತಪ್ಪು' ಅಂತ ಗೀಟು ಎಳೆಯುವ ಬದಲು ಯಾಕೆ ತಪ್ಪು ಅಂತ ತೋರಿಸಿ. 1/2 ಬದಲು 2/4 ತಗೊಳ್ಳಿ, ವರ್ಗ ಅದೇ. ಈಗ ಅದೇ ವಿಧಾನದಲ್ಲಿ 2/4 ಮತ್ತು 1/3 ಸೇರಿ 3/7 ಬರುತ್ತದೆ. 2/5 ಅಂದರೆ 14/35, 3/7 ಅಂದರೆ 15/35. ಎರಡೂ ಬೇರೆ! ಬಿಟ್ಟಿದ್ದೇವೆ ಅಂದುಕೊಂಡ ವ್ಯತ್ಯಾಸ ಉತ್ತರದಲ್ಲಿ ತಲೆ ಎತ್ತಿತು. ಛೇದ ಸಮ ಮಾಡಿ ಕೂಡುವ ವಿಧಾನದಲ್ಲಿ ಹೀಗೆ ಆಗುವುದಿಲ್ಲ. ಅದನ್ನು ನಾವು ಕಲಿಸುವುದಕ್ಕೆ ಕಾರಣವೇ ಅದು.

ಇನ್ನೊಂದು ಸೂಕ್ಷ್ಮ ಉದಾಹರಣೆ. 3ರ ಶೇಷಗಳಲ್ಲಿ ಕೂಡುವುದು, ಗುಣಿಸುವುದು ಎರಡೂ ಸರಿ. ಘಾತ? ಘಾತಾಂಕವನ್ನೂ 3ರ ಶೇಷ ಅಂತ ತಗೊಂಡರೆ 1 ಮತ್ತು 4 ಒಂದೇ ವರ್ಗ. ಆದರೆ 2ರ ಘಾತ 1 ಅಂದರೆ 2, ಅದರ ಶೇಷ 2. 2ರ ಘಾತ 4 ಅಂದರೆ 16, ಅದರ ಶೇಷ 1. ಕೆಟ್ಟಿತು. ಕೂಡುವುದು ನಡೆಯಿತು, ಗುಣಿಸುವುದು ನಡೆಯಿತು, ಇದೂ ನಡೆಯುತ್ತದೆ ಅಂತ ಊಹಿಸಬೇಡಿ. ಪ್ರತಿ ಲೆಕ್ಕವನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಹಂತ 7: ಒರಟೋ ನುಣುಪೋ, ನೋಡಿ ಆರಿಸಿ

ಒಂದೇ ಸೆಟ್ ಮೇಲೆ ಹಲವು ಸಂಬಂಧ ಸಾಧ್ಯ. ಮೂರೇ ಸದಸ್ಯರಿದ್ದರೂ 5 ಬಗೆ, ನಾಲ್ವರಿದ್ದರೆ 15 ಬಗೆ. 1972ರ ಆಗಸ್ಟ್ 15ರಂದು ಬಂದ ಪಿನ್‌ಕೋಡ್ ಇದನ್ನು ಚೆನ್ನಾಗಿ ಬಳಸುತ್ತದೆ. ಮಲ್ಲೇಶ್ವರಂ 560003, ಬಸವನಗುಡಿ 560004. ಮೊದಲ ಅಂಕಿ ಮಾತ್ರ ನೋಡಿದರೆ ಕರ್ನಾಟಕ, ಆಂಧ್ರ, ತೆಲಂಗಾಣ ಎಲ್ಲ ಒಂದೇ ವರ್ಗ. ಮೊದಲ ಮೂರು ನೋಡಿದರೆ ಮಲ್ಲೇಶ್ವರಂ, ಬಸವನಗುಡಿ ಒಂದೇ, ಮೈಸೂರು ಬೇರೆ. ಆರೂ ನೋಡಿದರೆ ಇವೆರಡೂ ಬೇರೆ. ದೂರದ ಊರಿನಲ್ಲಿ ಪತ್ರ ವಿಂಗಡಿಸುವವರಿಗೆ ಒರಟು ಸಂಬಂಧ ಸಾಕು, ಮನೆಗೆ ತಲುಪಿಸುವವರಿಗೆ ನುಣುಪು ಬೇಕು.

ಹಳೆಗನ್ನಡ ಓದಿದವರು ಇದನ್ನು ಛಂದಸ್ಸಿನಲ್ಲಿ ಆಗಲೇ ಮಾಡಿದ್ದಾರೆ. ಮೂರಕ್ಷರದ ಪದಗಳನ್ನು ಲಘು ಗುರು ವಿನ್ಯಾಸ ಒಂದೇ ಇರುವ ಹಾಗೆ ವಿಂಗಡಿಸಿದರೆ ಎಂಟು ವರ್ಗ, ಅವೇ ಅಕ್ಷರಗಣಗಳು. 'ಮಾನವ', 'ಕೋಮಲ' ಎರಡೂ ಭಗಣ. 'ವಿಶಾಲ' ಜಗಣ. ಮಾತ್ರೆ ಮಾತ್ರ ಎಣಿಸಿದರೆ ಮೂರಕ್ಕೂ ನಾಲ್ಕೇ ಮಾತ್ರೆ, ಒಂದೇ ವರ್ಗ. ಎಂಟು ಗಣಗಳು ಮಾತ್ರೆಯ ಲೆಕ್ಕದಲ್ಲಿ 1, 3, 3, 1 ಅಂತ ಸೇರಿಕೊಳ್ಳುತ್ತವೆ: ಮೂರು ಮಾತ್ರೆಯದು ನಗಣ ಒಂದೇ, ನಾಲ್ಕರವು ಭ, ಜ, ಸ, ಐದರವು ಯ, ರ, ತ, ಆರರದು ಮಗಣ. ವೃತ್ತ ಬರೆಯುವವರಿಗೆ ಮೊದಲ ಸಂಬಂಧ ಬೇಕು, ಮಾತ್ರಾಗಣದ ಪದ್ಯಕ್ಕೆ ಎರಡನೆಯದು.

ಬಳಕೆ: ಕನ್ನಡ ಬರಹ

ಪರದೆಯ ಮೇಲೆ 'ಕೋ' ಅಂತ ಕಾಣುವ ಅಕ್ಷರವನ್ನು, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಮೂರು ಬಗೆಯಾಗಿ ಇಡಬಹುದು. ಒಂದು, ಕ ಮತ್ತು ಓತ್ವದ ಒಂದೇ ಚಿಹ್ನೆ. ಎರಡು, ಕ, ಒತ್ವ, ಆಮೇಲೆ ದೀರ್ಘ. ಮೂರು, ಕ, ಎತ್ವ, ಕೊಂಬಿನ ಇಳಿ, ದೀರ್ಘ. ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಎರಡು, ಮೂರು, ನಾಲ್ಕು ಸಂಕೇತಗಳ ಬೇರೆ ಬೇರೆ ಸಾಲು. ಸುಮ್ನೆ ಹೋಲಿಸಿದರೆ 'ಕೋಲಾರ' ಹುಡುಕಿದವರಿಗೆ ಕಡತದಲ್ಲಿರುವ 'ಕೋಲಾರ'ವೇ ಸಿಗದಿರಬಹುದು.

ಪರಿಹಾರ ಮೇಲಿನ ಹಂತಗಳೇ. ಈ ಮೂರೂ ಸಾಲು ಒಂದೇ ವರ್ಗ ಅಂತ ಯೂನಿಕೋಡ್ ಮಾನದಂಡವೇ ಹೇಳುತ್ತದೆ. ಪ್ರತಿನಿಧಿಗೆ ತಲುಪುವ ನಿಯಮವನ್ನೂ ಅದೇ ಕೊಡುತ್ತದೆ. ಅದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಎನ್‌ಎಫ್‌ಸಿ ಅನ್ನುವ ರೂಪದಲ್ಲಿ ಎಲ್ಲವೂ ಮೊದಲನೆಯದಕ್ಕೆ, ಅಂದರೆ ಎರಡು ಸಂಕೇತದ ಸಾಲಿಗೆ ಬರುತ್ತವೆ. ಕನ್ನಡ ಡೇಟಾ ಮುಟ್ಟುವವರು ಉಳಿಸುವ ಮುಂಚೆ, ಹುಡುಕುವ ಮುಂಚೆ, ಎರಡು ಕಡೆಯೂ ಇದನ್ನು ಮಾಡಿ. ಆರನೇ ಹಂತ ಇಲ್ಲೂ ಇದೆ: 'ಈ ಪದದಲ್ಲಿ ಎಷ್ಟು ಸಂಕೇತ ಇವೆ' ಅನ್ನುವ ಪ್ರಶ್ನೆಗೆ ವರ್ಗದ ಮಟ್ಟದಲ್ಲಿ ಉತ್ತರ ಇಲ್ಲ. ಅದರ ಮೇಲೆ ಉದ್ದದ ಮಿತಿ ಹಾಕಿದರೆ ಒಂದೇ ಹೆಸರು ಒಮ್ಮೆ ಹಿಡಿಸುತ್ತದೆ, ಒಮ್ಮೆ ಹಿಡಿಸುವುದಿಲ್ಲ.

ಎನ್‌ಎಫ್‌ಸಿ ಎಲ್ಲವನ್ನೂ ಸೇರಿಸುವುದಿಲ್ಲ. ಕನ್ನಡದ ೧ ಮತ್ತು 1 ಅದರ ಲೆಕ್ಕದಲ್ಲಿ ಬೇರೆಯೇ. ನಿಮಗೆ ಅವು ಒಂದೇ ಆಗಬೇಕಿದ್ದರೆ ಆ ಸಂಬಂಧವನ್ನು ನೀವೇ ಬರೆಯಬೇಕು.

ಬಳಕೆ: ಸಾಫ್ಟ್‌ವೇರ್

ಟೆಸ್ಟಿಂಗ್ ಕೆಲಸದವರಿಗೆ ಈಕ್ವಿವಲೆನ್ಸ್ ಪಾರ್ಟಿಶನಿಂಗ್ ದಿನದ ಮಾತು. ಮತದಾರರ ವಯಸ್ಸು ಕೇಳುವ ಖಾನೆ ಇದೆ ಅಂದುಕೊಳ್ಳಿ. 0ರಿಂದ 17 ಒಂದು ವರ್ಗ, 18 ಮತ್ತು ಮೇಲೆ ಒಂದು, ಋಣ ಸಂಖ್ಯೆ ಒಂದು, ಅಂಕಿಯೇ ಅಲ್ಲದ ಬರಹ ಒಂದು. ಪ್ರತಿ ವರ್ಗದಿಂದ ಒಂದು ಇನ್‌ಪುಟ್ ಕೊಟ್ಟು ನೋಡುತ್ತೇವೆ, ಗಡಿಯ 17, 18 ಎರಡನ್ನೂ ಸೇರಿಸಿ. ಯಾರಾದರೂ '೧೮' ಅಂತ ಟೈಪ್ ಮಾಡಿದರೆ? ಅದು ಯಾವ ವರ್ಗ ಅಂತ ಬೆಂಗಳೂರಿನಲ್ಲಿ ಕೂತು ಫಾರಂ ಮಾಡುವವರು ಕೇಳಲೇಬೇಕು.

ನೆನಪಿಡಿ, ಇಲ್ಲಿ ಆರನೇ ಹಂತ ಸಾಬೀತಾಗಿಲ್ಲ, ಬರೀ ನಂಬಿಕೆ. ಒಳಗಿನ ಕೋಡ್ 25ನ್ನೂ 60ನ್ನೂ ಒಂದೇ ಥರ ನೋಡುತ್ತದೆ ಅಂತ ನಾವು ಊಹಿಸಿದ್ದೇವೆ. ಕೋಡ್‌ನಲ್ಲಿ ಹಿರಿಯ ನಾಗರಿಕರಿಗೆ ಬೇರೆ ದಾರಿ ಇದ್ದರೆ ನಮ್ಮ ವರ್ಗ ತಪ್ಪು.

ಜಾವಾದಲ್ಲಿ ಬರೆಯುವವರಿಗೆ ಎರಡು ವಸ್ತು ಸಮವೇ ಅಂತ ಹೇಳುವ ಈಕ್ವಲ್ಸ್ ಮೆಥಡ್ ಗೊತ್ತು. ಅದು ಮೂರೂ ಪರೀಕ್ಷೆ ಪಾಸಾಗಬೇಕು ಅಂತ ಭಾಷೆಯ ದಾಖಲೆಯೇ ಹೇಳುತ್ತದೆ. ಸಮ ಅನ್ನಿಸಿಕೊಂಡ ಎರಡು ವಸ್ತುಗಳ ಹ್ಯಾಶ್‌ಕೋಡ್ (ಬೇಗ ಹುಡುಕಲು ವಸ್ತುವಿನಿಂದ ಲೆಕ್ಕ ಹಾಕುವ ಸಂಖ್ಯೆ) ಕೂಡ ಒಂದೇ ಇರಬೇಕು. ಇದು ಬೇರೇನೂ ಅಲ್ಲ, ಆರನೇ ಹಂತ. 'ವ್ಯತ್ಯಾಸ 0.01ಕ್ಕಿಂತ ಕಡಿಮೆ ಇದ್ದರೆ ಸಮ' ಅಂತ ಈಕ್ವಲ್ಸ್ ಬರೆಯಬೇಡಿ. 1.000 ಮತ್ತು 1.008 ಸಮ, 1.008 ಮತ್ತು 1.016 ಸಮ, ಆದರೆ 1.000 ಮತ್ತು 1.016 ಸಮ ಅಲ್ಲ.

ಬಳಕೆ: ಸೇರಿಸುತ್ತಾ ಹೋಗುವ ವರ್ಗಗಳು

ಕೆಲವೊಮ್ಮೆ ಸಂಬಂಧ ಒಮ್ಮೆಗೇ ಸಿಗುವುದಿಲ್ಲ. ತುಂಡು ತುಂಡಾಗಿ ಬರುತ್ತದೆ. ಅಂಥಲ್ಲಿ ಬಳಸುವ ಯೂನಿಯನ್-ಫೈಂಡ್ ವಿಧಾನವನ್ನು ಗ್ಯಾಲರ್ ಮತ್ತು ಫಿಶರ್ 1964ರಲ್ಲಿ ಕೊಟ್ಟರು. ಕೆಲಸ ಎರಡೇ: ಒಬ್ಬ ಸದಸ್ಯನ ಪ್ರತಿನಿಧಿ ಯಾರು ಅಂತ ಹುಡುಕು, ಎರಡು ವರ್ಗ ಸೇರಿಸು.

ನಮ್ಮ ಮೆಟ್ರೋ ಬೆಳೆದದ್ದನ್ನು ಹೀಗೇ ಓದಬಹುದು. 'ಮೆಟ್ರೋದಲ್ಲೇ ಹೋಗಬಹುದು' ಅನ್ನುವುದು ಸಂಬಂಧ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡ್ ತನಕ ಓಡಾಟ ಶುರುವಾಯಿತು, ಒಂದು ವರ್ಗ. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯ ಕಡೆಯ ಭಾಗ ತೆರೆಯಿತು. ಅದಕ್ಕೂ ಇದಕ್ಕೂ ಕೊಂಡಿ ಇಲ್ಲ, ಹಾಗಾಗಿ ಎರಡು. 2015ರಲ್ಲಿ ಮಾಗಡಿ ರಸ್ತೆಯಿಂದ ಮೈಸೂರು ರಸ್ತೆ, ಮೂರು. 2016ರ ಏಪ್ರಿಲ್‌ನಲ್ಲಿ ಸುರಂಗ ಮಾರ್ಗ ತೆರೆದು ನೇರಳೆಯ ಎರಡು ತುಂಡು ಸೇರಿದವು, ವರ್ಗ ಎರಡಕ್ಕೆ ಇಳಿಯಿತು. 2017ರ ಜೂನ್‌ನಲ್ಲಿ ಹಸಿರು ಮಾರ್ಗ ಮೆಜೆಸ್ಟಿಕ್‌ಗೆ ಬಂತು, ಒಂದೇ ವರ್ಗ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರ, ವೈಟ್‌ಫೀಲ್ಡ್ ಭಾಗ ಪ್ರತ್ಯೇಕವಾಗಿ ತೆರೆದಾಗ ಮತ್ತೆ ಎರಡು. ಬೈಯಪ್ಪನಹಳ್ಳಿಯ ನಡುವಿನ ತುಂಡು ಅಕ್ಟೋಬರ್‌ನಲ್ಲಿ ತುಂಬಿದ ಮೇಲೆ ಮತ್ತೆ ಒಂದು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರ್.ವಿ. ರೋಡ್‌ನಲ್ಲಿ ಹಸಿರಿಗೆ ಸೇರಿಕೊಂಡೇ ಬಂತು, ಲೆಕ್ಕ ಬದಲಾಗಲಿಲ್ಲ. ಹೊಸ ನಿಲ್ದಾಣ ಬಂದರೆ ವರ್ಗ ಹೆಚ್ಚಬಹುದು. ಇರುವ ನಿಲ್ದಾಣಗಳ ನಡುವೆ ಹೊಸ ಕೊಂಡಿ ಬಂದರೆ ವರ್ಗ ಕಡಿಮೆ ಆಗಬಹುದು, ಹೆಚ್ಚಾಗಲು ಸಾಧ್ಯವೇ ಇಲ್ಲ.

ಬಳಕೆ: ಸಂಗೀತ, ಕಾನೂನು

ಎರಡು ನಾದಗಳ ಕಂಪನದ ಅನುಪಾತ 2, 4, 8 ಹೀಗೆ ಎರಡರ ಘಾತವಾಗಿದ್ದರೆ ಅವು ಒಂದೇ ಸ್ವರ. ಮಂದ್ರ, ಮಧ್ಯ, ತಾರ ಷಡ್ಜಗಳು ಒಂದೇ ವರ್ಗ. ಕರ್ನಾಟಕ ಸಂಗೀತದಲ್ಲಿ ಇನ್ನೊಂದು ಸ್ವಾರಸ್ಯ ಇದೆ. ಸ್ವರಸ್ಥಾನ 12, ಹೆಸರು 16. ಚತುಶ್ರುತಿ ರಿಷಭ ಮತ್ತು ಶುದ್ಧ ಗಾಂಧಾರ ಒಂದೇ ಸ್ಥಾನ. 'ಸ್ಥಾನ ಒಂದೇ' ಅನ್ನುವುದು ಸಮಾನತಾ ಸಂಬಂಧವೇ. ಆದರೆ ಖರಹರಪ್ರಿಯ ರಾಗದಲ್ಲಿ ರಿಷಭವಾಗಿ ಬರುವ ಆ ಸ್ಥಾನ ಕನಕಾಂಗಿ ರಾಗದಲ್ಲಿ ಗಾಂಧಾರ. ಸ್ಥಾನ ಮಾತ್ರ ಗೊತ್ತಿದ್ದರೆ ಹೆಸರು ಹೇಳಲು ಬರುವುದಿಲ್ಲ. ಮೇಳಕರ್ತದ (ಏಳೂ ಸ್ವರಗಳಿರುವ ಮೂಲ ರಾಗಗಳ) ಲೆಕ್ಕ ಹಾಕುವವರು ಈ ವ್ಯತ್ಯಾಸ ಬಿಡಬಾರದು.

ಕಾನೂನಿನ ಮುಂದೆ ಎಲ್ಲರೂ ಸಮಾನ ಅನ್ನುವ ಸಂವಿಧಾನದ 14ನೇ ವಿಧಿಯ ಬಗ್ಗೆ ಸುಪ್ರೀಂ ಕೋರ್ಟ್ 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಲ್ಲಿ ಎರಡು ಷರತ್ತು ಹೇಳಿತು. ಜನರನ್ನು ವಿಂಗಡಿಸುವ ಆಧಾರ ಸ್ಪಷ್ಟವಾಗಿರಬೇಕು, ಆ ಆಧಾರಕ್ಕೂ ಕಾನೂನಿನ ಉದ್ದೇಶಕ್ಕೂ ತಾರ್ಕಿಕ ಸಂಬಂಧ ಇರಬೇಕು. ಮೊದಲ ಷರತ್ತು ಓದಿದಾಗ ನನಗೆ ಎರಡನೇ ಹಂತ ನೆನಪಾಗುತ್ತದೆ, ಎರಡನೆಯದು ಓದಿದಾಗ ಏಳನೇ ಹಂತ.

ಕೈಯಾರೆ ಮಾಡಿ ನೋಡಿ

ನಾಲ್ಕು ಎಸಳಿನ ರಂಗೋಲಿ. ಪ್ರತಿ ಎಸಳಿಗೂ ಕೆಂಪು ಅಥವಾ ಹಳದಿ. ಒಟ್ಟು 16 ಬಗೆ. ಹೊಸಿಲ ಕಡೆಯಿಂದ ನೋಡಿದರೂ, ರಸ್ತೆ ಕಡೆಯಿಂದ ನೋಡಿದರೂ, ಪಕ್ಕದಿಂದ ನೋಡಿದರೂ ಅದೇ ರಂಗೋಲಿ ಅಂತ ಇಟ್ಟುಕೊಳ್ಳಿ. ಅಂದರೆ ತಿರುಗಿಸಿದರೆ ಸಿಗುವವು ಒಂದೇ ವರ್ಗ. ಎಷ್ಟು ವರ್ಗ? 16ನ್ನು 4ರಿಂದ ಭಾಗಿಸಿ 4 ಅನ್ನಬೇಡಿ, ವರ್ಗಗಳ ಗಾತ್ರ ಒಂದೇ ಇಲ್ಲ. ಎಲ್ಲ ಹಳದಿ: 1 ಬಗೆ. ಒಂದು ಕೆಂಪು: 4. ಅಕ್ಕಪಕ್ಕ ಎರಡು ಕೆಂಪು: 4. ಎದುರುಬದುರು ಎರಡು ಕೆಂಪು: 2. ಮೂರು ಕೆಂಪು: 4. ಎಲ್ಲ ಕೆಂಪು: 1. ಕೂಡಿದರೆ 16, ವರ್ಗ 6.

ಈಗ ಐದು ಎಸಳಿಗೆ ಮಾಡಿ. ಒಟ್ಟು 32 ಬಗೆ. 5 ಅವಿಭಾಜ್ಯ ಆಗಿರುವುದರಿಂದ ಒಂದೇ ಬಣ್ಣದ ಎರಡನ್ನು ಬಿಟ್ಟು ಉಳಿದ 30 ಐದೈದರ ಗುಂಪಾಗಿ ಒಡೆಯುತ್ತವೆ, ಆರು ಗುಂಪು. ಆ ಎರಡೂ ಸೇರಿ 8 ವರ್ಗ. ಆರು ಎಸಳಿಗೆ ಇಷ್ಟು ಸಲೀಸಾಗಿ ಒಡೆಯುವುದಿಲ್ಲ. ಅಲ್ಲಿ 2 ಮತ್ತು 3 ಗಾತ್ರದ ವರ್ಗಗಳೂ ಬರುತ್ತವೆ. ಕಾಗದದ ಮೇಲೆ ಬಿಡಿಸಿ ಎಣಿಸಿದರೆ 14 ಸಿಗಬೇಕು.